ಸೈಡ್ ಹಿಡಿದರೂ ಆರ್ಮ್‌ಹೋಲ್ ಬಾಯಿ ಬಿಡುವುದೇಕೆ?

ಪ್ರಶ್ನೆ: ಮೇಡಂ, ಬೇಸಿಗೆಗೆ ಅಂತ ತೆಳು ಕಾಟನ್ ಬಟ್ಟೆಯಲ್ಲಿ ತೋಳಿಲ್ಲದ ಟಾಪ್ ಹೊಲಿದೆ. ಚೆನ್ನಾಗಿ ಕೂರುವ ಹಳೇ ಟೀ ಶರ್ಟ್ ಒಂದನ್ನು ಮಡಚಿ, ತೋಳನ್ನು ಒಳಗೆ ಸೇರಿಸಿ, ಸುತ್ತ ಸ್ವಲ್ಪ ಜಾಸ್ತಿ ಬಿಟ್ಟು ಗೆರೆ ಹಾಕಿದೆ. ಮುಂದೆ, ಹಿಂದೆ ಎರಡಕ್ಕೂ ಅದೇ ಕಟಿಂಗ್. ತಲೆ ತೂರಲಿ ಅಂತ ಕತ್ತನ್ನು 8 ಇಂಚು ಅಗಲ ಮಾಡಿದೆ, ಆಳ ಎರಡೂ ಕಡೆ 3 ಇಂಚು. ನನ್ನ ಎದೆ ಸುತ್ತಳತೆ 36, ಹಿಪ್ 40. ಟಾಪ್ ಎದೆಯ ಹತ್ತಿರ 40 ಬಂತು. ಹಾಕಿಕೊಂಡರೆ ಮುಂದಿನ ಆರ್ಮ್‌ಹೋಲ್ (ತೋಳು ತೂರುವ ಜಾಗ) ಬಾಯಿ ಬಿಡುತ್ತದೆ, ಒಳಗಿನದೆಲ್ಲ ಕಾಣುತ್ತದೆ. ಸೈಡ್ ಹಿಡಿದೆ, ಅಂದರೆ ಇನ್ನಷ್ಟು ಒಳಗೆ ಹೊಲಿದೆ, ಹೋಗಲಿಲ್ಲ. ಇನ್ನೊಂದು ಸಲ ಹಿಡಿದೆ. ಒಟ್ಟು ಒಂದೊಂದು ಕಡೆ ಮುಕ್ಕಾಲು ಇಂಚು. ಈಗ ಎದೆ ಬಿಗಿಯಾಗಿದೆ, ಆರ್ಮ್‌ಹೋಲ್ ಮಾತ್ರ ಹಾಗೇ ಇದೆ! ಮುಂದಿನ ಕತ್ತು ಗಂಟಲಿಗೆ ಒತ್ತುತ್ತದೆ, ಟಾಪ್ ಹಿಂದಕ್ಕೆ ಜಾರುತ್ತದೆ. ಕೂತರೆ ಹಿಪ್ ಹತ್ತಿರ ಎಳೆಯುತ್ತದೆ. ಸೈಡಿನಲ್ಲಿ ಹಿಡಿದ ಬಟ್ಟೆಯನ್ನು ಇನ್ನೂ ಕತ್ತರಿಸಿಲ್ಲ. ಇದನ್ನು ಉಳಿಸಬಹುದಾ? ಅಂಚಿನ ಎಳೆ ಬಿಡದ ಹಾಗೆ ಹೊಲಿಯುವ ಓವರ್‌ಲಾಕ್ ಮಿಷನ್ ನನ್ನ ಹತ್ತಿರ ಇಲ್ಲ.

ಉತ್ತರ: ಹಿಡಿದ ಬಟ್ಟೆ ಕತ್ತರಿಸಿಲ್ಲ ಅಂದಿರಲ್ಲ, ಅದೊಂದು ಒಳ್ಳೇ ಕೆಲಸ ಮಾಡಿದ್ದೀರಿ. ಉಳಿಸಬಹುದು. ಮೊದಲು ಸೈಡ್ ಹಿಡಿದ ಎರಡೂ ಹೊಲಿಗೆ ಬಿಚ್ಚಿಬಿಡಿ.

ಲೆಕ್ಕ ನೋಡಿ. ಒಂದು ಕಡೆ ಮುಕ್ಕಾಲು ಇಂಚು ಹಿಡಿದರೆ ಮುಂದಿನ ಪದರದಿಂದ ಮುಕ್ಕಾಲು, ಹಿಂದಿನ ಪದರದಿಂದ ಮುಕ್ಕಾಲು ಹೋಗುತ್ತದೆ. ಅಲ್ಲಿಗೆ ಒಂದೂವರೆ. ಎರಡೂ ಕಡೆ ಸೇರಿ 3 ಇಂಚು. ನಿಮ್ಮ 40 ಇಂಚಿನ ಟಾಪ್ ಈಗ 37 ಆಗಿದೆ. 36 ಇಂಚಿನ ಎದೆಗೆ ಒಂದೇ ಇಂಚು ಲೂಸ್. ಹಿಗ್ಗದ ಬಟ್ಟೆ, ಜಿಪ್ ಬೇರೆ ಇಲ್ಲ. ಹಾಕಿಕೊಳ್ಳುವಾಗಲೇ ಹೊಲಿಗೆ ಚಟಚಟ ಅಂದಿರಬೇಕು.

ಇಷ್ಟು ಬಿಗಿ ಮಾಡಿದರೂ ಆರ್ಮ್‌ಹೋಲ್ ಯಾಕೆ ಮುಚ್ಚಲಿಲ್ಲ? ಯಾಕಂದರೆ ಅಲ್ಲಿ ಬಾಯಿ ಬಿಡುತ್ತಿರುವುದು ಟಾಪ್ ದೊಡ್ಡದಾಗಿದೆ ಅಂತ ಅಲ್ಲ. ಚಪ್ಪಟೆ ಬಟ್ಟೆಗೆ ಉಬ್ಬಿನ ಮೇಲೆ ಕೂರಲು ಬರುತ್ತಿಲ್ಲ ಅಂತ.

ಒಂದು ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ಒಂದು ಹಾಳೆ ಪೇಪರ್ ಇಟ್ಟು ಕೈಯಿಂದ ಸವರಿ ನೋಡಿ. ನಡುವೆ ಅಂಟಿಕೊಳ್ಳುತ್ತದೆ, ಅಂಚಿನಲ್ಲಿ ಎಲ್ಲೋ ಒಂದು ಕಡೆ ಎದ್ದು ನಿಲ್ಲುತ್ತದೆ. ಆ ಎದ್ದ ಜಾಗವನ್ನು ಬೆರಳಲ್ಲಿ ಚಿವುಟಿ ಮಡಿಕೆ ಮಾಡಿದರೆ ಪೇಪರ್ ಬಟ್ಟಲಿನ ಆಕಾರಕ್ಕೆ ಬರುತ್ತದೆ. ಆ ಮಡಿಕೆಯೇ ಡಾಟ್. ಟಕ್ಸ್ ಅಂತಲೂ ಹೇಳುತ್ತಾರೆ. ನಿಮ್ಮ ಟಾಪಿನಲ್ಲಿ ಎದ್ದು ನಿಂತಿರುವ ಜಾಗ ಮುಂದಿನ ಆರ್ಮ್‌ಹೋಲ್. ಮಡಿಕೆ ಅಲ್ಲಿ ಬೇಕಿತ್ತು. ನೀವು ಬಟ್ಟಲಿನ ಕೆಳಗೆ ಪೇಪರನ್ನು ಎಳೆದು ಕಟ್ಟುತ್ತಾ ಕೂತಿದ್ದೀರಿ. ಎಳೆದಷ್ಟೂ ಉಬ್ಬಿನ ಮೇಲೆ ಬಿಗಿಯಾಗುತ್ತದೆ, ಮೇಲಿನ ಬಾಯಿ ಹಾಗೇ ಇರುತ್ತದೆ.

ಹಾಗಾದರೆ ಟೀ ಶರ್ಟ್‌ಗೆ ಡಾಟ್ ಇಲ್ವಲ್ಲ, ಅದು ಹೇಗೆ ಚೆನ್ನಾಗಿ ಕೂರುತ್ತದೆ ಅಂತ ಕೇಳಬಹುದು. ಟೀ ಶರ್ಟ್ ಹೆಣೆದ ಬಟ್ಟೆ. ಅದರೊಳಗೆ ಸಣ್ಣ ಸಣ್ಣ ಕುಣಿಕೆಗಳಿರುತ್ತವೆ, ಬೇಕಾದಲ್ಲಿ ಹಿಗ್ಗುತ್ತವೆ. ಕಾಟನ್ ಟಾಪಿನದು ನೇಯ್ದ ಬಟ್ಟೆ. ಹಾಸು ಹೊಕ್ಕು ಎಳೆಗಳು ನೆಟ್ಟಗೆ ನಿಂತಿರುತ್ತವೆ, ಆ ಎಳೆಗಳ ನೇರಕ್ಕೆ ಎಳೆದರೆ ಹಿಗ್ಗುವುದೇ ಕಮ್ಮಿ. ಟೀ ಶರ್ಟ್ ನೋಡಿ ಕಾಟನ್ ಟಾಪ್ ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ನನ್ನದು ತಲೆಯೇ ತೂರಲಿಲ್ಲ, ಕನ್ನಡಿ ಮುಂದೆ ಅರ್ಧ ಟಾಪಿನೊಳಗೆ ಸಿಕ್ಕಿಕೊಂಡು ನಿಂತಿದ್ದೆ. ನಿಮಗೆ ಕತ್ತು ಅಗಲ ಮಾಡುವಷ್ಟು ಬುದ್ಧಿ ಮೊದಲೇ ಹೊಳೆದಿದೆ.

ಈಗ ಕೈಯಲ್ಲಿರುವ ಟಾಪಿಗೆ ಬರೋಣ. ಸೈಡ್ ಬಿಚ್ಚಿ 40ಕ್ಕೆ ತಂದ ಮೇಲೆ ಹಾಕಿಕೊಳ್ಳಿ. ಒಳಗೆ, ಈ ಟಾಪಿನ ಜೊತೆ ದಿನಾ ಹಾಕುವ ಬ್ರಾ ಇರಲಿ. ಬ್ರಾ ಬದಲಾದರೆ ಎದೆಯ ಎತ್ತರ ಅರ್ಧ ಇಂಚಾದರೂ ಆಚೀಚೆ ಆಗುತ್ತದೆ, ಆಮೇಲೆ ಡಾಟಿನ ತುದಿ ಎಲ್ಲೋ ಕೂರುತ್ತದೆ. ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತು, ಬಾಯಿ ಬಿಟ್ಟಿರುವ ಜಾಗವನ್ನು ಎರಡು ಬೆರಳಲ್ಲಿ ಚಿವುಟಿ. ಆರ್ಮ್‌ಹೋಲಿನ ಅಂಚಿನಲ್ಲಿ ಮಡಿಕೆ ದಪ್ಪ, ಎದೆಯ ತುದಿಯ ಕಡೆ ಹೋಗುತ್ತಾ ಸೊನ್ನೆ. ಅಂಚು ಮೈಗೆ ಮುಟ್ಟಿದರೆ ಸಾಕು, ಅಂಟಬಾರದು. ಅಲ್ಲಿಗೆ ಗುಂಡುಪಿನ್ ಚುಚ್ಚಿ. ಒಬ್ಬರೇ ಮಾಡುವುದು ಕಷ್ಟ. ಕೈ ಎತ್ತಿದ ಕೂಡಲೇ ಬಟ್ಟೆ ಜಾಗ ಬಿಡುತ್ತದೆ. ಮನೆಯಲ್ಲಿ ಯಾರನ್ನಾದರೂ ಕರೆಯಿರಿ.

ಟಾಪ್ ತೆಗೆದು ಅಳೆಯಿರಿ. ಚಿವುಟಿದ ಮಡಿಕೆ ಅರ್ಧ ಇಂಚಿದ್ದರೆ ಅದರಲ್ಲಿ ಎರಡು ಪದರ ಇದೆ, ಅಂದರೆ ಒಂದು ಇಂಚು ಬಟ್ಟೆ. ಎಡ ಬಲ ಕಾಲು ಇಂಚು ವ್ಯತ್ಯಾಸ ಬಂದರೆ ನಡುವಿನ ಅಳತೆ ಹಿಡಿದು ಎರಡೂ ಕಡೆ ಒಂದೇ ಮಾಡಿ. ಒಳಗಿನ ಕಡೆಯಿಂದ ಚಾಕಿನಲ್ಲಿ ಗೆರೆ ಎಳೆದು, ಆರ್ಮ್‌ಹೋಲಿನ ಅಂಚಿಗೆ ಹೊಲಿದ ಪಟ್ಟಿಯನ್ನು ಅಷ್ಟು ಜಾಗದಲ್ಲಿ ಬಿಚ್ಚಿ, ಡಾಟ್ ಹೊಲಿಯಿರಿ. ತುದಿಯನ್ನು ಎದೆಯ ತುದಿಗಿಂತ ಒಂದು ಇಂಚು ಮೊದಲೇ ನಿಲ್ಲಿಸಬೇಕು. ಅಲ್ಲಿವರೆಗೂ ಎಳೆದರೆ ಚೂಪಾಗಿ ಎದ್ದು ಕಾಣುತ್ತದೆ. ಕೊನೆಯ ಮೂರ್ನಾಲ್ಕು ಟಾಕಿಗಳನ್ನು ಮಡಿಕೆಯ ಅಂಚಿಗೆ ತೀರಾ ಒರೆಸಿಕೊಂಡು ಹೋಗುವ ಹಾಗೆ ಹೊಲಿಯಿರಿ. ಅಲ್ಲಿ ಮಿಷನ್ ಹಿಂದಕ್ಕೆ ಓಡಿಸಬೇಡಿ, ಗಂಟಾಗಿ ಕೂರುತ್ತದೆ. ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ. ಆಮೇಲೆ ಟವೆಲನ್ನು ಉಂಡೆಯಾಗಿ ಮಡಚಿ, ಅದರ ಮೇಲೆ ಡಾಟ್ ಇಟ್ಟು ಇಸ್ತ್ರಿ ಮಾಡಿ. ಚಪ್ಪಟೆ ಟೇಬಲ್ ಮೇಲೆ ಮಾಡಿದರೆ ಈಗಷ್ಟೇ ತಂದ ಉಬ್ಬನ್ನು ನೀವೇ ಒತ್ತಿ ಹಾಕಿದ ಹಾಗೆ.

ಆರ್ಮ್‌ಹೋಲ್ ಈಗ ಒಂದು ಇಂಚು ಸಣ್ಣದಾಗಿದೆ. ಬಿಚ್ಚಿದ ಪಟ್ಟಿಯನ್ನೂ ಒಂದು ಇಂಚು ಗಿಡ್ಡ ಮಾಡಿಯೇ ವಾಪಸ್ ಕೂರಿಸಿ. ಹಾಗೇ ಕೂರಿಸಿದರೆ ಮತ್ತೆ ಅಲೆ ಅಲೆ ಬರುತ್ತದೆ.

ಗಂಟಲಿಗೆ ಒತ್ತುವ ಕತ್ತಿನ ವಿಷಯ ಬೇರೆ. ನಮ್ಮ ಕತ್ತು ಭುಜದ ಮೇಲೆ ಕಂಬದ ಹಾಗೆ ನೆಟ್ಟಗೆ ನಿಂತಿಲ್ಲ, ಸ್ವಲ್ಪ ಮುಂದಕ್ಕೆ ವಾಲಿದೆ. ಅದಕ್ಕೇ ಸಾಮಾನ್ಯವಾಗಿ ಮುಂದಿನ ಕತ್ತು ಆಳ, ಹಿಂದಿನದು ಮೇಲೆ. ನೀವು ಎರಡೂ 3 ಇಂಚು ಇಟ್ಟಿದ್ದೀರಿ. ಮುಂದೆ ಜಾಗ ಸಾಲದೆ ಗಂಟಲು ಬಟ್ಟೆಯನ್ನು ತಳ್ಳುತ್ತದೆ, ಹಿಂದೆ ಹಿಡಿದುಕೊಳ್ಳಲು ಏನೂ ಇಲ್ಲ, ಟಾಪ್ ಜಾರುತ್ತದೆ. ಹಿಂದಿನ ಕತ್ತನ್ನು ಈಗ ಮೇಲೆ ತರಲಾಗುವುದಿಲ್ಲ, ಕತ್ತರಿಸಿದ್ದು ಕತ್ತರಿಸಿ ಆಯಿತು. ಮುಂದೆ ಇಳಿಸಬಹುದು. ಭುಜದ ಹೊಲಿಗೆ ಭುಜದ ನೆತ್ತಿಗೆ ಬರುವ ಹಾಗೆ ಟಾಪನ್ನು ಎಳೆದು ಸರಿ ಮಾಡಿಕೊಂಡು, ಕತ್ತು ಎಲ್ಲಿಗೆ ಬಂದರೆ ಹಿತ ಅನ್ನಿಸುತ್ತದೋ ಅಲ್ಲಿ ಚಾಕ್ ಗುರುತು ಹಾಕಿ. ಕತ್ತರಿಸುವುದು ಆ ಗುರುತಿಗೆ ಅಲ್ಲ, ಅದಕ್ಕಿಂತ ಕಾಲು ಇಂಚು ಮೇಲೆ. ಆ ಕಾಲು ಇಂಚು ಪಟ್ಟಿಯ ಹೊಲಿಗೆಗೆ ಹೋಗುತ್ತದೆ. ನಿಮ್ಮ ಅಳತೆಗೆ ಒಂದೂವರೆ ಇಂಚು ಇಳಿಸಿದರೆ ಸಾಕಾಗಬಹುದು, ಆದರೂ ಅರ್ಧರ್ಧ ಇಂಚೇ ಇಳಿಸಿ.

ಹಿಪ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಸೈಡ್ ಹೊಲಿಗೆಯನ್ನು ಕೆಳಗಿನಿಂದ 4–5 ಇಂಚು ಬಿಚ್ಚಿ, ಮಾರ್ಜಿನನ್ನು, ಅಂದರೆ ಹೊಲಿಗೆಯಾಚೆ ಬಿಟ್ಟ ಬಟ್ಟೆಯನ್ನು, ಒಳಗೆ ಮಡಚಿ ಹೊಲಿದರೆ ಸ್ಲಿಟ್ ಆಯಿತು. ಸ್ಲಿಟ್ ಶುರುವಾಗುವ ಜಾಗದಲ್ಲಿ ಮಾತ್ರ ಅಡ್ಡಡ್ಡ ಮೂರ್ನಾಲ್ಕು ಸಲ ಹಿಂದೆ ಮುಂದೆ ಓಡಿಸಿ, ಇಲ್ಲದಿದ್ದರೆ ಹರಿಯುವುದು ಅಲ್ಲಿಂದಲೇ.

ಮುಂದಿನ ಟಾಪಿಗೆ ಟೀ ಶರ್ಟ್ ಬೇಡ. ಹಳೇ ನ್ಯೂಸ್‌ಪೇಪರ್ ಮೇಲೆ ನೀವೇ ಕಟಿಂಗ್ ಮಾಡಿಕೊಳ್ಳಿ. ಎದೆ 36, ಲೂಸ್ 4, ಒಟ್ಟು 40. ನಾಲ್ಕರಲ್ಲಿ ಭಾಗಿಸಿದರೆ 10. ಮುಂದಿನ ಅರ್ಧಕ್ಕೆ ಕಾಲು ಇಂಚು ಜಾಸ್ತಿ, ಹಿಂದಿನ ಅರ್ಧಕ್ಕೆ ಕಾಲು ಕಮ್ಮಿ. ಮುಂದೆ 10¼, ಹಿಂದೆ 9¾. ಉಬ್ಬು ಇರುವುದು ಮುಂದೆ ತಾನೇ! ಜಿಪ್ ಇಲ್ಲದೆ ತಲೆ ಮೇಲಿಂದ ಹಾಕುವ ಟಾಪಿಗೆ 4 ಇಂಚು ಲೂಸ್ ಸರಿ. ಸೆಕೆಗೆ 5 ಇದ್ದರೂ ನಡೆಯುತ್ತದೆ. 2 ಇಂಚಿಗೆ ಇಳಿದರೆ ಜಿಪ್ ಬೇಕೇ ಬೇಕು.

ಕತ್ತು: ಮಡಿಕೆಯಿಂದ (ಟಾಪಿನ ನಡುಗೆರೆಯಿಂದ) ಅಗಲ 3½, ಮುಂದಿನ ಆಳ 5½, ಹಿಂದಿನ ಆಳ 2. ಹೀಗೆ ದುಂಡಗೆ ತೆಗೆದರೆ ಇಡೀ ಸುತ್ತು ಸುಮಾರು 23 ಇಂಚು ಬರುತ್ತದೆ. ಟೇಪನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ಗೆರೆಯ ಗುಂಟ ಅಳೆಯಿರಿ. ನಿಮ್ಮ ತಲೆಯ ಸುತ್ತಳತೆಗಿಂತ ಇದು ಅರ್ಧ ಇಂಚಾದರೂ ಜಾಸ್ತಿ ಇರಲೇಬೇಕು. ದಪ್ಪ ಜಡೆ, ತುರುಬು ಇರುವವರು ಅದನ್ನೂ ಸೇರಿಸಿ ಅಳೆಯಿರಿ.

ಭುಜವನ್ನು ತೋಳಿರುವ ಟಾಪಿನಷ್ಟೇ ಇಡಬೇಡಿ. ಭುಜದ ಮೂಳೆಗಿಂತ ಮುಕ್ಕಾಲು ಇಂಚು ಒಳಗೆ ಬರಲಿ, ಇಲ್ಲದಿದ್ದರೆ ತೋಳು ಹರಿದುಹೋದ ಟಾಪಿನ ಹಾಗೆ ಕಾಣುತ್ತದೆ. ಮುಂದಿನ ಆರ್ಮ್‌ಹೋಲನ್ನು ಹಿಂದಿನದಕ್ಕಿಂತ ಅರ್ಧ ಇಂಚು ಒಳಗೆ ಕೊರೆಯಿರಿ, ಮುಂದೆ ಕಂಕುಳ ಹತ್ತಿರ ಮೈ ಒಳಗೆ ಸರಿದಿರುತ್ತದೆ.

ಆಳದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ಆರ್ಮ್‌ಹೋಲಿನ ತಳ ಕಂಕುಳಿಗಿಂತ ಒಂದು ಇಂಚು ಕೆಳಗಿದ್ದರೆ ಸಾಕು. ಆಳ ಮಾಡಿದಷ್ಟೂ ಕೈ ಆಡಿಸಲು ಸುಲಭ ಅಂತ ಅಂದುಕೊಳ್ಳುತ್ತೇವೆ. ಉಲ್ಟಾ. ತೋಳಿರುವ ಟಾಪಿನಲ್ಲಿ ಕೈ ಎತ್ತಿದಾಗ ಎಳೆತ ಕಂಕುಳ ಕೆಳಗಿನ ಸೈಡಿಗೆ ಬೀಳುತ್ತದೆ. ಆರ್ಮ್‌ಹೋಲ್ ಎಷ್ಟು ಆಳವೋ ಸೈಡಿನ ಬಟ್ಟೆ ಅಷ್ಟು ಗಿಡ್ಡ, ಇಡೀ ಟಾಪ್ ಮೇಲೆದ್ದು ಬರುತ್ತದೆ. ತೋಳಿಲ್ಲದ ಟಾಪಿನಲ್ಲಾದರೆ ಕಂಕುಳ ಪಕ್ಕದಿಂದ ಬ್ರಾ ಕಾಣುತ್ತದೆ.

ಇನ್ನೊಂದು ಮೋಸ ಇದೆ. ಪಟ್ಟಿ ಹಾಕುವ ಮೊದಲು ಟ್ರಯಲ್ ನೋಡಿದರೆ ಆರ್ಮ್‌ಹೋಲ್ ಯಾವಾಗಲೂ ಬಿಗಿ ಅನ್ನಿಸುತ್ತದೆ. ಸುತ್ತಲೂ ಮಾರ್ಜಿನ್ ಇನ್ನೂ ಹಾಗೇ ಇರುತ್ತದಲ್ಲ, ಅದು ಕಂಕುಳಿಗೆ ಚುಚ್ಚುತ್ತದೆ. ಬಿಗಿ ಅಂತ ಕತ್ತರಿ ಹಾಕಿದರೆ ಕೆಟ್ಟಿತು. ಮಾರ್ಜಿನ್ ಒಳಗೆ ಹೋದ ಮೇಲೆ ತಾನಾಗೇ ಸಡಿಲವಾಗಬೇಕಿದ್ದ ಆರ್ಮ್‌ಹೋಲ್ ಇನ್ನೂ ದೊಡ್ಡದಾಗುತ್ತದೆ. ಟ್ರಯಲ್ ನೋಡುವಾಗ ಮಾರ್ಜಿನಿಗೆ ಅಂಚಿನಿಂದ ಹೊಲಿಗೆ ಗೆರೆಯ ಹತ್ತಿರದವರೆಗೆ ಕತ್ತರಿಯಿಂದ ಸಣ್ಣ ಸಣ್ಣ ಗಾಟು (ಸೀಳು) ಹಾಕಿ, ಒಳಗೆ ಮಡಚಿ, ಆಮೇಲೆ ತೀರ್ಮಾನ ಮಾಡಿ.

ಡಾಟನ್ನು ಈ ಸಲ ಆರ್ಮ್‌ಹೋಲಿನಲ್ಲಿ ಇಡಬೇಕಿಲ್ಲ. ಸೈಡಿಗೆ ಸಾಗಿಸಬಹುದು, ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇದು ನೋಡಲು ಜಾದೂ ಥರ ಇದೆ, ಒಂದು ಸಲ ಪೇಪರಿನಲ್ಲಿ ಮಾಡಿ ನೋಡಿ. ಮುಂದಿನ ಭಾಗದ ಪೇಪರಿನಲ್ಲಿ ಎದೆಯ ತುದಿ ಎಲ್ಲಿ ಬರುತ್ತದೆ ಅಂತ ಚುಕ್ಕಿ ಇಡಿ. ಹಳೇ ಟಾಪಿನಲ್ಲಿ ಚಿವುಟಿದ ಒಂದು ಇಂಚಿನ ಮಡಿಕೆಯನ್ನು ಆರ್ಮ್‌ಹೋಲಿನಿಂದ ಆ ಚುಕ್ಕಿಯವರೆಗೆ ಬರೆಯಿರಿ. ಸೈಡಿನಲ್ಲಿ, ಕಂಕುಳಿಗಿಂತ 2½–3 ಇಂಚು ಕೆಳಗಿನಿಂದ ಅದೇ ಚುಕ್ಕಿಗೆ ಇನ್ನೊಂದು ಗೆರೆ ಎಳೆದು, ಆ ಗೆರೆಯ ಮೇಲೆ ಚುಕ್ಕಿಯವರೆಗೆ ಕತ್ತರಿಸಿ. ಈಗ ಆರ್ಮ್‌ಹೋಲಿನ ಮಡಿಕೆಯನ್ನು ಮುಚ್ಚಿ ಟೇಪ್ ಅಂಟಿಸಿ. ಸೈಡ್ ತಾನಾಗೇ ಬಾಯಿ ತೆರೆಯುತ್ತದೆ! ಆ ಬಿರುಕಿಗೆ ಕೆಳಗಿನಿಂದ ಇನ್ನೊಂದು ಪೇಪರ್ ಅಂಟಿಸಿದರೆ ನಿಮ್ಮ ಹೊಸ ಡಾಟ್ ಅದೇ. ಹೊಲಿಯುವಾಗ ಇಲ್ಲೂ ತುದಿ ಒಂದು ಇಂಚು ಮೊದಲೇ ನಿಲ್ಲಬೇಕು. ಡಾಟನ್ನು ಮಡಚಿ ಹಿಡಿದಾಗ ಮುಂದಿನ ಸೈಡಿನ ಉದ್ದ ಹಿಂದಿನ ಸೈಡಿಗೆ ಸಮ ಬರಬೇಕು, ಬರದಿದ್ದರೆ ಎಲ್ಲೋ ಅಳತೆ ತಪ್ಪಿದೆ.

ಪೇಪರ್ ಆದ ಮೇಲೆ ಸೀದಾ ಒಳ್ಳೇ ಬಟ್ಟೆಗೆ ಹೋಗಬೇಡಿ. ಹಳೇ ಬೆಡ್‌ಶೀಟ್ ಒಂದರಲ್ಲಿ ಕತ್ತರಿಸಿ, ಉದ್ದ ಉದ್ದ ಟಾಕಿಯ ಕಚ್ಚಾ ಹೊಲಿಗೆ ಹಾಕಿ ನೋಡಿ. ಬೇರೆ ಬಣ್ಣದ ದಾರ ಹಾಕಿಕೊಂಡರೆ ಬಿಚ್ಚುವಾಗ ಕಣ್ಣಿಗೆ ಹಿತ. ಹಾಕಿಕೊಂಡು ಸುಮ್ನೆ ನಿಲ್ಲಬೇಡಿ. ಕೂತುಕೊಳ್ಳಿ, ಕೂದಲು ಕಟ್ಟಿಕೊಳ್ಳುವ ಹಾಗೆ ಕೈ ಎತ್ತಿ, ಕೆಳಗೆ ಬಿದ್ದದ್ದನ್ನು ಎತ್ತುವ ಹಾಗೆ ಬಗ್ಗಿ. ಸರಿ ಮಾಡುವುದನ್ನು ಭುಜದಿಂದ ಶುರು ಮಾಡಿ, ಆಮೇಲೆ ಕತ್ತು, ಎದೆ, ಆರ್ಮ್‌ಹೋಲ್. ಸೈಡ್ ಕೊನೆಗೆ. ಟಾಪ್ ನೇತಾಡುವುದು ಭುಜದ ಮೇಲೆ. ಅಲ್ಲಿ ಕಾಲು ಇಂಚು ಬದಲಾದರೆ ಕೆಳಗಿನ ಎಲ್ಲವೂ ಬದಲಾಗುತ್ತದೆ.

ಸುಕ್ಕುಗಳನ್ನು ಓದಲು ಕಲಿಯಿರಿ. ಬಿಗಿಯಾಗಿ ಎಳೆದ ಗೆರೆಗಳು ಎಲ್ಲಿಂದ ಹೊರಟು ಬರುತ್ತಿವೆಯೋ ಅಲ್ಲಿ ಬಟ್ಟೆ ಸಾಲುತ್ತಿಲ್ಲ. ಜೋತುಬಿದ್ದ ಮಡಿಕೆ ಇದ್ದಲ್ಲಿ ಬಟ್ಟೆ ಜಾಸ್ತಿ. ಕತ್ತಿನ ಬುಡದಿಂದ ಕಂಕುಳ ಕಡೆಗೆ ಓರೆಯಾಗಿ ಮಡಿಕೆ ಇಳಿದರೆ ನಿಮ್ಮದು ಇಳಿಜಾರು ಭುಜ. ಭುಜದ ಹೊಲಿಗೆಯನ್ನು ತುದಿಯಲ್ಲಿ ಕಾಲು ಇಂಚು ಹಿಡಿಯಿರಿ, ಕತ್ತಿನ ಹತ್ತಿರ ಸೊನ್ನೆಗೆ ತನ್ನಿ. ಆಗ ಆರ್ಮ್‌ಹೋಲ್ ಅಷ್ಟೇ ಮೇಲೆ ಬರುತ್ತದೆ, ತಳವನ್ನು ಕಾಲು ಇಂಚು ಇಳಿಸುವುದು ಮರೆಯಬೇಡಿ. ಭುಜದ ಹೊಲಿಗೆ ನೆತ್ತಿ ಬಿಟ್ಟು ಹಿಂದೆ ಸರಿದು ಕೂತರೆ ಮುಂದಿನ ಭಾಗದ ಭುಜದಲ್ಲಿ ಅರ್ಧ ಇಂಚು ತೆಗೆದು ಹಿಂದಿನ ಭಾಗಕ್ಕೆ ಅಷ್ಟೇ ಸೇರಿಸಿ. ಕಂಪ್ಯೂಟರ್ ಮುಂದೆ ಬಗ್ಗಿ ಕೂರುವವರಿಗೆ ಇದು ಬೇಕಾಗುವುದೇ ಜಾಸ್ತಿ. ಅದಕ್ಕೇ ಮೊದಲ ಸಲ ಭುಜಕ್ಕೂ ಸೈಡಿಗೂ ಒಂದೊಂದು ಇಂಚು ಮಾರ್ಜಿನ್ ಬಿಡಿ.

ಬಟ್ಟೆ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು: ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಕಾಟನ್ ಕುಗ್ಗುತ್ತದೆ, ರೇಯಾನ್ ಇನ್ನೂ ಜಾಸ್ತಿ ಕುಗ್ಗುತ್ತದೆ. ಫಿಟಿಂಗ್‌ಗೆ ಎರಡು ದಿನ ಒದ್ದಾಡಿ ಹೊಲಿದ ನನ್ನ ರೇಯಾನ್ ಟಾಪ್ ಒಂದು, ಮೊದಲ ಒಗೆತಕ್ಕೇ ಗಿಡ್ಡವಾಗಿ ಅಕ್ಕನ ಮಗಳ ಪಾಲಾಯಿತು. 44 ಇಂಚು ಪನ್ನದ (ಅಗಲದ) ಬಟ್ಟೆ ಒಂದೂವರೆ ಮೀಟರ್ ಇದ್ದರೆ ನಿಮ್ಮ ಅಳತೆಗೆ ಪಟ್ಟಿಯೂ ಸೇರಿ ಆರಾಮಾಗಿ ಸಾಕು. ತೆಳು ಬಟ್ಟೆಗೆ 11ನೇ ನಂಬರ್ ಸೂಜಿ ಹಾಕಿ. 16 ಹಾಕಿದರೆ ತೂತು ಎದ್ದು ಕಾಣುತ್ತದೆ.

ಕತ್ತರಿಸಿದ ತಕ್ಷಣ, ಬೇರೆ ಏನೂ ಮಾಡುವ ಮೊದಲು, ಕತ್ತು ಮತ್ತು ಆರ್ಮ್‌ಹೋಲಿನ ಅಂಚಿಗೆ ತೀರಾ ಹತ್ತಿರ ಒಂದು ಸಾದಾ ಹೊಲಿಗೆ ಓಡಿಸಿ. ಆ ದುಂಡಗಿನ ಅಂಚುಗಳಲ್ಲಿ ಎಳೆಗಳು ಓರೆಯಾಗಿ ತುಂಡಾಗಿರುತ್ತವೆ, ಎತ್ತಿ ಇಡುವಷ್ಟರಲ್ಲೇ ಹಿಗ್ಗಿಬಿಡುತ್ತವೆ. ನಿಮ್ಮ ಆರ್ಮ್‌ಹೋಲ್ ಬಾಯಿ ಬಿಟ್ಟಿದ್ದರಲ್ಲಿ ಇದರ ಪಾಲೂ ಸ್ವಲ್ಪ ಇರಬಹುದು. ಪಟ್ಟಿಯನ್ನು ಕ್ರಾಸ್‌ನಲ್ಲೇ, ಅಂದರೆ ಎಳೆಗಳಿಗೆ ಓರೆಯಾಗಿ ಕತ್ತರಿಸಿ, ಒಂದೂಕಾಲು ಇಂಚು ಅಗಲ. 23 ಇಂಚಿನ ಕತ್ತಿಗೆ, ಜೋಡಣೆ ಬಿಟ್ಟು, 22 ಇಂಚು ಪಟ್ಟಿ ತೆಗೆದುಕೊಂಡು ಹೊಲಿಯುವಾಗ ಪಟ್ಟಿಯನ್ನು ಮಾತ್ರ ತುಸು ಎಳೆಯಿರಿ, ಟಾಪನ್ನು ಎಳೆಯಬೇಡಿ. ಆಗ ಅಂಚು ಮೈಗೆ ಒರಗಿ ಕೂರುತ್ತದೆ.

ಓವರ್‌ಲಾಕ್ ಇಲ್ಲ ಅಂದಿರಿ. ತೆಳು ಕಾಟನ್‌ಗೆ ಅದು ಬೇಕಾಗಿಯೂ ಇಲ್ಲ. ಫಿಟಿಂಗ್ ಪೂರ್ತಿ ಸರಿ ಬಂದ ಮೇಲೆ ಸೈಡ್ ಮತ್ತು ಭುಜದ ಮಾರ್ಜಿನನ್ನು ಅರ್ಧ ಇಂಚಿಗೆ ಇಳಿಸಿ, ಕಚ್ಚಾ ಹೊಲಿಗೆ ಬಿಚ್ಚಿ. ಉಲ್ಟಾ ಭಾಗಗಳು ಒಂದಕ್ಕೊಂದು ತಾಗುವ ಹಾಗೆ ಇಟ್ಟು, ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಯಿರಿ. ಎಳೆ ಬಿಟ್ಟುಕೊಂಡ ಅಂಚನ್ನು ಸಣ್ಣದಾಗಿ ಕತ್ತರಿಸಿ, ಟಾಪನ್ನು ತಿರುಗಿಸಿ, ಇಸ್ತ್ರಿ ಮಾಡಿ, ಈಗ ಒಳಗಿನಿಂದ ಮತ್ತೆ ಕಾಲು ಇಂಚಿಗೆ ಇನ್ನೊಂದು ಹೊಲಿಗೆ. ಅಂಚು ಹೊಲಿಗೆಯೊಳಗೇ ಮುಚ್ಚಿಹೋಗುತ್ತದೆ, ಸೆಕೆಯಲ್ಲಿ ಮೈಗೆ ಚುಚ್ಚುವುದೂ ಇಲ್ಲ. ಸ್ಲಿಟ್ ಇಡುವುದಾದರೆ ಈ ಹೊಲಿಗೆಯನ್ನು ಸ್ಲಿಟ್ ಶುರುವಾಗುವಲ್ಲಿಗೆ ನಿಲ್ಲಿಸಿ, ಅಲ್ಲಿಂದ ಕೆಳಗೆ ಮಡಚಲು ಮಾರ್ಜಿನ್ ಪೂರ್ತಿ ಒಂದು ಇಂಚು ಉಳಿದಿರಲಿ. ಕೆಳಗಿನ ಅಂಚನ್ನು ಅವತ್ತೇ ಮಡಚಬೇಡಿ, ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿ. ಸೈಡಿನ ಓರೆ ಎಳೆಗಳು ಜಗ್ಗುವುದಿದ್ದರೆ ಅಷ್ಟರಲ್ಲಿ ಜಗ್ಗಿರುತ್ತವೆ. ಬೆಳಿಗ್ಗೆ ಹಾಕಿಕೊಂಡು, ನೆಲದಿಂದ ಸುತ್ತ ಒಂದೇ ಎತ್ತರಕ್ಕೆ ಗುರುತು ಮಾಡಿಸಿಕೊಂಡು ಆಮೇಲೆ ಮಡಚಿ.